ತಾಯಿಯ ಮೇಲೆ ಹೊರಿಸುವ ಅಪವಾದ



ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದ ಮನೆಯಲ್ಲಿ ನಮ್ಮ ಕಡೆ ಮೊದಲು ನಡೆಯುವುದು ವಿಚಾರಣೆ. ಆರೋಪಿ ಸ್ಥಾನದಲ್ಲಿ ನಿಲ್ಲುವವಳು ಬಾಣಂತಿ. "ಗ್ರಹಣದ ಹೊತ್ತಿಗೆ ಹೊರಗೆ ಬಂದಿದ್ದಳು" ಎನ್ನುವವರು ಕೆಲವರು. "ಸೋದರಮಾವನಿಗೇ ಕೊಟ್ಟರು, ಅದಕ್ಕೇ ಹೀಗಾಯಿತು" ಎನ್ನುವವರು ಹಲವರು. "ಅವಳ ಕರ್ಮ" ಎಂದು ಕೈತೊಳೆದುಕೊಳ್ಳುವವರು ಮಿಕ್ಕವರು. ಹುಮನಾಬಾದ, ಬಸವಕಲ್ಯಾಣಗಳಲ್ಲಿ ದಶಕಗಳ ಕಾಲ ಜೀವಶಾಸ್ತ್ರ ಬೋಧಿಸಿದ ನನಗೆ ಈ ಮಾತುಗಳನ್ನು ಕೇಳಿ ಸುಮ್ಮನಿರಲು ಸಾಧ್ಯವಿಲ್ಲ. ಇವನ್ನು ಆಡುವವರಲ್ಲಿ ಪದವೀಧರರೂ ಇರುವುದರಿಂದ ಈ ಲೇಖನ.

ಕೋಶ ವಿಭಜನೆಯ ನಾಲ್ಕು ಚಿತ್ರಗಳನ್ನು ನೀವೆಲ್ಲ ಬರೆದಿದ್ದೀರಿ. ಆದರೆ ವರ್ಣತಂತುಗಳು ಯಾವಾಗ ಬೇರೆಯಾಗಬೇಕೆಂದು ನಿರ್ಧರಿಸುವವರು ಯಾರು ಎಂಬುದು ಆ ಚಿತ್ರಗಳಲ್ಲಿ ಇಲ್ಲ. ಬಸ್ ನಿಲ್ದಾಣದಲ್ಲಿ ಕೊನೆಯ ಪ್ರಯಾಣಿಕ ಹತ್ತುವವರೆಗೆ ಕಂಡಕ್ಟರ್ ಸೀಟಿ ಊದುವುದಿಲ್ಲ, ಕೋಶದಲ್ಲಿಯೂ ಹಾಗೆಯೇ. ನಕಲುಗೊಂಡ ವರ್ಣತಂತುಗಳ ಜೋಡಿಯನ್ನು ಕೊಹೆಸಿನ್ ಎಂಬ ಪ್ರೋಟೀನು ಉಂಗುರದಂತೆ ಕಟ್ಟಿ ಹಿಡಿದಿರುತ್ತದೆ. ಕದಿರಿನ ಎಳೆಗಳು ಬಂದು ಪ್ರತಿ ವರ್ಣತಂತುವಿನ ಕೈನೆಟೊಕೋರನ್ನು ಹಿಡಿಯಬೇಕು. ಒಂದೇ ಒಂದು ಕೈನೆಟೊಕೋರ್ ಖಾಲಿ ಉಳಿದರೂ ಮ್ಯಾಡ್2, ಬಬ್‌ಆರ್1 ಮೊದಲಾದ ಪ್ರೋಟೀನುಗಳು "ತಡೆ" ಎಂಬ ಸಂಕೇತ ಕೊಡುತ್ತವೆ. ಎಲ್ಲವೂ ಎಳೆ ಹಿಡಿದ ಮೇಲೆ ಆ ಸಂಕೇತ ನಿಲ್ಲುತ್ತದೆ. ಸೆಕ್ಯೂರಿನ್ ನಾಶವಾಗಿ ಸೆಪರೇಸ್ ಬಿಡುಗಡೆಯಾಗುತ್ತದೆ. ಅದು ಕೊಹೆಸಿನ್ ಉಂಗುರವನ್ನು ಕತ್ತರಿಸುತ್ತದೆ. ವರ್ಣತಂತುಗಳು ಎರಡು ಕಡೆಗೆ ಸರಿಯುವುದು ಆಗಲೇ.

ಅಂಡ ರೂಪುಗೊಳ್ಳುವಾಗ ಈ ಕ್ರಮ ತಪ್ಪಿ 21ನೆಯ ವರ್ಣತಂತು ಒಂದರ ಬದಲು ಎರಡು ಉಳಿದರೆ, ತಂದೆಯದೊಂದು ಸೇರಿ ಮೂರಾಗುತ್ತದೆ. ಒಟ್ಟು 46ರ ಬದಲು 47. ಡೌನ್ ಸಿಂಡ್ರೋಮಿನ ಈ ಕಾರಣವನ್ನು ಪ್ಯಾರಿಸಿನಲ್ಲಿ ಲೆಜ್ಯೂನ್, ಗೋತಿಯೆ ಮತ್ತು ಟುರ್ಪಿನ್ 1959ರಲ್ಲಿಯೇ ಪ್ರಕಟಿಸಿದರು. ಇದರಲ್ಲಿ ಗ್ರಹಣದ ಪಾತ್ರವಿಲ್ಲ. ರಕ್ತಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ರೋಗಗಳ ಸಂಭವ ಹೆಚ್ಚುವುದು ನಿಜ; ಅವು ಬೇರೆ ಬಗೆಯವು.

"ಏನೇ ಆಗಲಿ, ತಪ್ಪು ತಾಯಿಯ ಅಂಡದಲ್ಲೇ ಅಲ್ಲವೇ?" ಎಂದು ಜಾಣರು ಕೇಳುತ್ತಾರೆ. ಹೌದು, ಬಹುಪಾಲು ಅಲ್ಲಿಯೇ. ಕೆಲವೊಮ್ಮೆ ತಂದೆಯ ವೀರ್ಯಾಣುವಿನಲ್ಲಿಯೂ. ಆದರೆ ಹೆಣ್ಣಿನ ಅಂಡಗಳ ವಿಭಜನೆ ಆರಂಭವಾಗುವುದು ಅವಳು ತನ್ನ ತಾಯಿಯ ಗರ್ಭದಲ್ಲಿದ್ದಾಗ! ಅಲ್ಲಿ ಅರ್ಧಕ್ಕೆ ನಿಂತ ಕೆಲಸ ಮುಂದುವರಿಯುವುದು ಹತ್ತಾರು ವರ್ಷಗಳ ಬಳಿಕ. ಅಷ್ಟರಲ್ಲಿ ಕೊಹೆಸಿನ್ ಸವೆದಿರುತ್ತದೆ. ಅಂಡಕೋಶದಲ್ಲಿ ಆ ತಡೆ ಸಂಕೇತದ ಕಾವಲೂ ಅಷ್ಟು ಬಿಗಿಯಲ್ಲ. ಆದ್ದರಿಂದಲೇ ವಯಸ್ಸಿನೊಂದಿಗೆ ಸಂಭವ ಹೆಚ್ಚುತ್ತದೆ: 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಚಿಕ್ಕ ವಯಸ್ಸಿನ ತಾಯಂದಿರಿಗೂ ಹೀಗಾಗುತ್ತದೆ. ಯಾವ ಪಥ್ಯ, ಯಾವ ವ್ರತ ಆ ಉಂಗುರವನ್ನು ಕಾಯಬಲ್ಲದು? ತಾನು ಹುಟ್ಟುವ ಮೊದಲೇ ಆರಂಭವಾದ ಕಾರ್ಯಕ್ಕೆ ಒಬ್ಬ ಹೆಣ್ಣನ್ನು ಹೊಣೆ ಮಾಡುವುದು ಯಾವ ನ್ಯಾಯ?

ಈ ಜ್ಞಾನ ದೂರದೇಶದ್ದೆಂದು ತಳ್ಳಿಹಾಕುವಂತಿಲ್ಲ. ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೌಸ್ತುವ್ ಸಾನ್ಯಾಲರ ತಂಡ ಶಿಲೀಂಧ್ರಗಳ ಕೈನೆಟೊಕೋರನ್ನೇ ವರ್ಷಗಟ್ಟಲೆ ಅಭ್ಯಸಿಸಿದೆ. ಇನ್ನು ಬಸವಕಲ್ಯಾಣದ ನೆಲವನ್ನು ಹೆಮ್ಮೆಯಿಂದ ನೆನೆಯುವ ನಾವು, ಹೆರಿಗೆಯ ಸೂತಕವೂ ಸೇರಿದಂತೆ ಪಂಚಸೂತಕಗಳನ್ನು 12ನೆಯ ಶತಮಾನದಲ್ಲಿಯೇ ನಿರಾಕರಿಸಿದ ಶರಣರ ವಾರಸುದಾರರು. ಜಯಂತಿಯ ಮೆರವಣಿಗೆಯಲ್ಲಿ ಜಯಕಾರ ಕೂಗಿ, ಮನೆಗೆ ಬಂದು ಬಾಣಂತಿಗೆ ಹೊಸ ಸೂತಕವನ್ನು ಅಂಟಿಸುವುದು ಆ ಪರಂಪರೆಗೆ ಮಾಡುವ ದ್ರೋಹ.

ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ದೂಷಣೆಯಲ್ಲಿ ಕಳೆದ ದಿನಗಳು ತಪಾಸಣೆಗೆ ಸಲ್ಲಬೇಕಾದ ದಿನಗಳು. ನಿಮ್ಮಲ್ಲಿ ವೈದ್ಯರಿದ್ದೀರಿ, ಶಿಕ್ಷಕರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ಅಂಥ ಮನೆಗೆ ಹೋದಾಗ ಮೊದಲು ಅತ್ತೆ ಮಾವಂದಿರನ್ನು ಕೂಡಿಸಿ ಇಷ್ಟನ್ನು ತಿಳಿಸಿ. ಮಗುವಿನ ಹೃದಯ, ಕಿವಿ, ಥೈರಾಯ್ಡ್ ಪರೀಕ್ಷೆಗೆ ಕೂಡಲೇ ಕಳುಹಿಸಿ. ನಿಮ್ಮ ಮೇಷ್ಟ್ರು ಕೇಳುವ ಗುರುದಕ್ಷಿಣೆ ಇದೊಂದೇ.