ಅಳಿವೆಗೂ ಉತ್ತರ ಹೇಳುವ ಪಿಎಚ್.ಡಿ.

ಜೀವಿಗಳು ಹೇಗೆ ಕೆಲಸ ಮಾಡುತ್ತವೆಂದು ಅರಿತು, ಆ ಅರಿವಿನಿಂದ ಇಂಧನವನ್ನೋ ಔಷಧವನ್ನೋ ಅಂಟನ್ನೋ ಹೊಸ ಬೀಜವನ್ನೋ ರೂಪಿಸುವ ವಿದ್ಯೆ ಜೈವಿಕ ಎಂಜಿನಿಯರಿಂಗ್. ಇದರಲ್ಲಿ ಪಿಎಚ್.ಡಿ. ಮಾಡಲು ಕರಾವಳಿಯ ಮಕ್ಕಳು ಬೆಂಗಳೂರಿಗೆ, ಮುಂಬೈಗೆ, ಅದರಾಚೆಗೂ ಹೋಗುತ್ತಾರೆ. ಹೋಗಬೇಕು. ಆದರೆ ಅವರು, ಅವರ ಮಾರ್ಗದರ್ಶಕರು, ಹಣ ಕೊಡುವ ಸರ್ಕಾರ ಎಲ್ಲರೂ ಎದುರಿಸಬೇಕಾದ ಪ್ರಶ್ನೆಯೊಂದಿದೆ. ಸಂಶೋಧನೆಯ ವಿಷಯವನ್ನು ಎಲ್ಲಿಂದ ಆರಿಸಬೇಕು? ವಿದೇಶಿ ಪತ್ರಿಕೆಗಳಲ್ಲಿ ಆ ವರ್ಷ ಚಾಲ್ತಿಯಲ್ಲಿರುವ ಸಂಗತಿಯಿಂದಲೋ, ಜೀವಿ ಬದುಕಿರುವ ನೆಲ-ನೀರಿನಿಂದಲೋ? ನೆಲ-ನೀರಿನಿಂದಲೇ ಎಂಬುದು ನನ್ನ ವಾದ. ಊರಿನ ಋಣ ತೀರಿಸುವ ಮಾತು ಆಮೇಲಿನದು. ವಿಜ್ಞಾನ ಗಟ್ಟಿಯಾಗಬೇಕಾದರೂ ಇದೇ ದಾರಿ.

ಉದಾಹರಣೆಗೆ, ನಮ್ಮ ಕರಾವಳಿಯ ಕುಮಟಾ ಮತ್ತು ಹೊನ್ನಾವರ ಪಕ್ಕಪಕ್ಕದ ತಾಲ್ಲೂಕುಗಳು. ಒಂದರಲ್ಲಿ ಅಘನಾಶಿನಿ ಕಡಲು ಸೇರುತ್ತದೆ, ಇನ್ನೊಂದರಲ್ಲಿ ಶರಾವತಿ. ಎರಡಕ್ಕೂ ಅದೇ ಘಟ್ಟ, ಅದೇ ಮುಂಗಾರು, ಅದೇ ಕಡಲು. ವ್ಯತ್ಯಾಸ ಅಣೆಕಟ್ಟಿನದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಮುಂದೆ ಗೇರುಸೊಪ್ಪೆಯಲ್ಲೂ ಕಟ್ಟೆ ಎದ್ದಿತು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆಗಾಲ ಕಳೆದ ಮೇಲೆ ಅಘನಾಶಿನಿಯ ಅಳಿವೆಯಲ್ಲಿ ಭರತದ ಜತೆ ಉಪ್ಪು ಮೇಲೇರುತ್ತ ಹೋಗುತ್ತದೆ. ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಗೆಯಲ್ಲೂ ಹರಿದು ಬರುವುದರಿಂದ ಉಪ್ಪು ಏರಬೇಕಾದ ಕಾಲದಲ್ಲಿ ಏರುವುದಿಲ್ಲ.

ಇದರ ಪರಿಣಾಮ ಬಳಚಿನ ಮೇಲೆ ಕಾಣುತ್ತದೆ. ನೀರನ್ನು ಸೋಸಿ ಆಹಾರ ಹುಡುಕುವ ಈ ಚಿಪ್ಪುಜೀವಿಗೆ ಓಡಿಹೋಗುವ ಶಕ್ತಿಯಿಲ್ಲ. ನೀರು ಬದಲಾದರೆ ಇದ್ದಲ್ಲೇ ಸಾಯಬೇಕು. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಗಂಡಸರು, ಹೆಂಗಸರು ನೀರಿಗಿಳಿದು ಕೆಸರಿನಲ್ಲಿ ಕೈಯಾಡಿಸಿ ಬಳಚು ಹೆಕ್ಕುತ್ತಾರೆ. ಈ ಅಳಿವೆಯ ವರ್ಷದ ಇಳುವರಿ ಸುಮಾರು 22,000 ಟನ್ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಅಂದಾಜು ಮಾಡಿದರು. ಮುಂದೆ ಅವರೇ ಶರಾವತಿಯ ಅಳಿವೆಯನ್ನೂ ಅಳೆದು, ಜಲವಿದ್ಯುತ್ ಯೋಜನೆಯ ಸಿಹಿನೀರಿನಿಂದ ಅಲ್ಲಿನ ಬಳಚು ಸಂಪತ್ತು ಸೊರಗಿರುವುದನ್ನು ದಾಖಲಿಸಿದರು. ಒಂದು ನದಿಗೆ ಕಟ್ಟೆ ಹಾಕಿ, ಪಕ್ಕದ್ದನ್ನು ಹಾಗೇ ಬಿಟ್ಟು, ದಶಕಗಟ್ಟಲೆ ಕಾದು ನೋಡುವ ಪ್ರಯೋಗವನ್ನು ಯಾವ ವಿಶ್ವವಿದ್ಯಾಲಯ ನಡೆಸಬಲ್ಲದು? ಉಪ್ಪಿನ ಏರಿಳಿತವನ್ನು ಜೀವಕೋಶ ಹೇಗೆ ತಾಳುತ್ತದೆ ಎಂಬ ಪ್ರಶ್ನೆ ಹಿಡಿದವರಿಗೆ ಇಂಥ ಜೋಡಿ ನದಿಗಳಿಗಿಂತ ದೊಡ್ಡ ಪ್ರಯೋಗಾಲಯ ಬೇಕಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಆ ಮನ್ನಣೆ ಉಳಿಯಬೇಕಾದರೂ ಇಂಥ ಅಳತೆ ನಿಲ್ಲಬಾರದು.

ಇಂಧನದ ಸಂಶೋಧನೆಗೂ ಈ ಮಾತು ಅನ್ವಯಿಸುತ್ತದೆ. 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಕೆನಡಾದ ರಿಚರ್ಡ್ ಗಾರ್ಡನ್ ಜತೆಗೂಡಿ ಡಯಾಟಮ್‌ಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಡಯಾಟಮ್ ಎಂದರೆ ಸಿಲಿಕಾದ ಕವಚವಿರುವ, ಬರಿಗಣ್ಣಿಗೆ ಕಾಣದ ಪಾಚಿ. ಬಿಸಿಲು ಹೀರಿ ತನ್ನೊಳಗೆ ಎಣ್ಣೆಯ ಹನಿ ಕೂಡಿಡುತ್ತದೆ. ಅದನ್ನು ಕೊಲ್ಲದೆ ಎಣ್ಣೆಯನ್ನಷ್ಟೇ ಕರೆದುಕೊಳ್ಳಬಹುದೇ ಎಂಬುದು ಅವರೆತ್ತಿದ ಪ್ರಶ್ನೆ. ಮುಂದೆ ಆ ತಂಡದ ಸಂಶೋಧನಾ ವಿದ್ಯಾರ್ಥಿಗಳು ಅಘನಾಶಿನಿಯ ಡಯಾಟಮ್‌ಗಳಿಂದ ಜೈವಿಕ ಡೀಸೆಲ್, ಕರಾವಳಿಯ ಕಡಲಪಾಚಿಯಿಂದ ಎಥನಾಲ್ ತೆಗೆಯುವ ಬಗ್ಗೆ ಕೆಲಸ ಮಾಡಿದರು. ಗಾಜಿನ ಬುಡ್ಡಿಯಲ್ಲಿ ಬೆಳೆಸಿದ ಪಾಚಿ ಹೊರಗಿನ ಕೊಳದಲ್ಲಿ ಹಾಗೆಯೇ ಬೆಳೆಯುತ್ತದೆಂಬ ಭರವಸೆಯಿಲ್ಲ. ಮುಂಗಾರಿನ ಕೆಂಪುನೀರು, ಪಾಚಿಯನ್ನು ತಿನ್ನುವ ಬೇರೆ ಸೂಕ್ಷ್ಮಜೀವಿ, ದಿನಕ್ಕೆರಡು ಸಲ ಬದಲಾಗುವ ಉಪ್ಪು, ಇವೆಲ್ಲ ಲೆಕ್ಕ ತಪ್ಪಿಸುತ್ತವೆ. ಇವನ್ನೆಲ್ಲ ತಾಳಿ ಅಲ್ಲೇ ಬಾಳಿದ ತಳಿಯಿಂದ ಕೆಲಸ ಶುರುಮಾಡಿದವರು ಅರ್ಧ ದಾರಿ ಮುಂದಿರುತ್ತಾರೆ.

ಉಪ್ಪು ತಾಳುವ ಕಗ್ಗ ಭತ್ತದ ಕತೆ ಇನ್ನೂ ಹತ್ತಿರದ್ದು. ಕುಮಟಾದ ಮಾಣಿಕಟ್ಟೆಯಂಥ ಊರುಗಳಲ್ಲಿ ಅಳಿವೆಯ ಉಪ್ಪುನೀರು ಬರುವ ಗಜನಿ ಗದ್ದೆಗಳಲ್ಲಿ, ಮೊದಲ ಮಳೆ ಉಪ್ಪನ್ನು ತೊಳೆದ ಮೇಲೆ, ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ನೀರು ನಿಂತರೂ ಎತ್ತರಕ್ಕೆ ಬೆಳೆದು ತೆನೆ ಬಿಡುತ್ತದೆ. ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಅದು ಕೊಳೆತು ಮುಂದಿನ ತಿಂಗಳುಗಳಲ್ಲಿ ಒಳಬರುವ ಮೀನಿಗೆ, ಶೆಟ್ಲಿಗೆ (ಸಿಗಡಿಗೆ) ಮೇವಾಗುತ್ತದೆ. ಕೇರಳದ ಪೊಕ್ಕಾಳಿ ಭತ್ತವೂ ಇದೇ ಕುಲದ ಬೇಸಾಯ. ಪೊಕ್ಕಾಳಿಯ ಒಂದನೇ ಕ್ರೋಮೋಸೋಮಿನಲ್ಲಿ ಉಪ್ಪು ತಾಳುವ ಗುಣದ ಭಾಗವೊಂದನ್ನು ವಿಜ್ಞಾನಿಗಳು ಗುರುತಿಸಿ ‘ಸಾಲ್ಟಾಲ್’ ಎಂದು ಹೆಸರಿಟ್ಟರು. ಇಂದು ಅನೇಕ ದೇಶಗಳು ಅದನ್ನು ತಮ್ಮ ತಳಿಗಳಿಗೆ ಸೇರಿಸುತ್ತಿವೆ. ಇದು ದೊಡ್ಡ ಸಾಧನೆ. ಆದರೆ ಕಗ್ಗ ಬದುಕಿರುವುದು ಜೀನಿನಿಂದ ಮಾತ್ರವಲ್ಲ. ಒಡ್ಡು, ತೂಬು, ಯಾವಾಗ ನೀರು ಬಿಡಬೇಕೆಂದು ಊರು ಕೂಡಿ ಮಾಡುವ ತೀರ್ಮಾನ, ಮೀನಿನ ಪಾಲು ಇವೆಲ್ಲ ಸೇರಿದರೆ ಆ ಬೆಳೆ. ಜೀನನ್ನು ಬೀಜ ಬ್ಯಾಂಕಿನಲ್ಲಿಟ್ಟು ಗಜನಿಯನ್ನು ಸಿಗಡಿ ಹೊಂಡವಾಗಲು ಬಿಟ್ಟರೆ, 1990ರ ದಶಕದಲ್ಲಿ ಬಿಳಿಚುಕ್ಕೆ ರೋಗಕ್ಕೆ ಸಿಗಡಿ ಕೃಷಿ ಸಿಲುಕಿದಾಗ ಆದಂತೆ ಭತ್ತವೂ ಇಲ್ಲ, ಸಿಗಡಿಯೂ ಇಲ್ಲ. ಎಂಜಿನಿಯರ್ ಆದವರು ವಿನ್ಯಾಸದ ಘಟಕವನ್ನು ಎಷ್ಟು ದೊಡ್ಡದಾಗಿ ಹಿಡಿಯಬೇಕೆಂಬುದನ್ನು ಗಜನಿ ಕಲಿಸುತ್ತದೆ.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ವಿಜ್ಞಾನಕ್ಕೆ ಸ್ವಾತಂತ್ರ್ಯ ಬೇಕು. ‘ಇದರಿಂದ ಊರಿಗೇನು ಲಾಭ?’ ಎಂದು ಕೇಳುತ್ತ ಹೋದರೆ ದೊಡ್ಡ ಶೋಧಗಳು ನಿಂತುಹೋಗುತ್ತವೆ ಎನ್ನುವವರಿದ್ದಾರೆ. ಅವರ ನೆಚ್ಚಿನ ಉದಾಹರಣೆ ಅಮೆರಿಕದ ಯೆಲ್ಲೋಸ್ಟೋನ್. ಥಾಮಸ್ ಬ್ರಾಕ್ ಕುತೂಹಲಕ್ಕೆಂದು ಅಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಹುಡುಕಿ, 1969ರಲ್ಲಿ ಹ್ಯೂಡ್ಸನ್ ಫ್ರೀಜ್ ಜತೆ ವಿವರಿಸಿದ ಬ್ಯಾಕ್ಟೀರಿಯಾದ ಕಿಣ್ವ ಮುಂದೆ ಪಿಸಿಆರ್ ತಂತ್ರಕ್ಕೆ ಆಧಾರವಾಯಿತು. ಕೋವಿಡ್ ಕಾಲದಲ್ಲಿ ಆ ತಂತ್ರದ ಹೆಸರು ಮನೆಮನೆಗೂ ತಿಳಿಯಿತು. ಭಟ್ಕಳದ ಕಡಲಬಂಡೆಗಳಿಗೆ ಕಚ್ಚಿಕೊಳ್ಳುವಂಥ ನೀಲಿಕಲ್ಲು ಎಂಬ ಚಿಪ್ಪುಜೀವಿ ಅಲೆಯ ಹೊಡೆತದಲ್ಲೂ ಜಾರದಿರುವುದೇಕೆ ಎಂದು ಹರ್ಬರ್ಟ್ ವೇಟ್ 1980ರ ದಶಕದ ಆರಂಭದಲ್ಲಿ ಕೇಳಿದ್ದರಿಂದಲೇ ಒದ್ದೆ ಅಂಗಾಂಶಕ್ಕೂ ಹಿಡಿಯುವ ವೈದ್ಯಕೀಯ ಅಂಟಿನ ಸಂಶೋಧನೆಗೆ ದಾರಿಯಾಯಿತು. ಆಕ್ಷೇಪ ಎತ್ತುವವರು ಒಂದನ್ನು ಮರೆಯುತ್ತಾರೆ. ಬ್ರಾಕ್, ವೇಟ್ ಇಬ್ಬರೂ ಹೊರಟಿದ್ದು ಜೀವಿ ಬದುಕುವ ಜಾಗದಿಂದ. ಬುಗ್ಗೆಯ ಬಳಿಗೆ ಹೋಗದವರಿಗೆ ಆ ಪ್ರಶ್ನೆ ಹೊಳೆಯುತ್ತಲೇ ಇರಲಿಲ್ಲ. ನಾನು ಬೇಡುತ್ತಿರುವುದು ತಕ್ಷಣದ ಲಾಭವನ್ನಲ್ಲ, ಆ ಹೋಗುವಿಕೆಯನ್ನು. ಇನ್ನೊಂದು ಪಾಠವೂ ಅಲ್ಲಿದೆ. ಪಿಸಿಆರ್‌ನಿಂದ ಬಂದ ಅಪಾರ ಹಣದಲ್ಲಿ ಯೆಲ್ಲೋಸ್ಟೋನ್ ಉದ್ಯಾನಕ್ಕೆ ಪಾಲು ದಕ್ಕಲಿಲ್ಲ; ಜೀವಿ ಸಿಕ್ಕ ಜಾಗಕ್ಕೆ ಏನು ಮರಳಬೇಕೆಂದು ಮೊದಲೇ ಯೋಚಿಸಬೇಕು.

ಊರಿನ ಪ್ರಶ್ನೆಗಳಿಗೆ ಉತ್ತರ ಹುಡುಕಲು ಮಾರುಕಟ್ಟೆಯೂ ನೆರವಿಗೆ ಬರುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೊನ್ನಾವರ, ಭಟ್ಕಳದ ಘಟ್ಟದಂಚಿನ ಊರುಗಳನ್ನೂ ಕಾಡಿದೆ. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿದ ಹಳೆಯ ಲಸಿಕೆ ಪರಿಣಾಮ ಸಾಲದೆ ಬಳಕೆಯಿಂದ ಹೋಯಿತು. ಹೊಸದರ ಕೆಲಸ ಇತ್ತೀಚೆಗಷ್ಟೇ ಚುರುಕಾಗಿದೆ. ಕೆಲವು ತಾಲ್ಲೂಕುಗಳ ಬಡವರನ್ನು ಕಾಡುವ ರೋಗಕ್ಕೆ ಕಂಪನಿಗಳು ತಾವಾಗಿ ಬರುವುದಿಲ್ಲ. ಲಾಭದ ಹಂಗಿಲ್ಲದೆ ವರ್ಷಗಟ್ಟಲೆ ಒಂದೇ ಪ್ರಶ್ನೆಯ ಹಿಂದೆ ಬೀಳುವ ಅವಕಾಶ ಇರುವುದು ಪಿಎಚ್.ಡಿ. ವಿದ್ಯಾರ್ಥಿಗೆ. ಆ ಅವಕಾಶವನ್ನು ಬೇರೆಯವರು ಈಗಾಗಲೇ ಮಾಡುತ್ತಿರುವ ಕೆಲಸದ ಒಂದು ಚೂರಿಗೆ ವ್ಯಯಿಸುವುದು ನಷ್ಟ.

ಹಾಗಾದರೆ ಏನು ಮಾಡಬೇಕು? ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಅಂದರೆ ಅಳಿವೆಯನ್ನು ಅಭ್ಯಸಿಸುವವರಿಗೆ ಸಿಗುವುದು ಬೆರಳೆಣಿಕೆಯ ಮಳೆಗಾಲ. ಮೊದಲ ಮಳೆಗಾಲವೇ ಕೈತಪ್ಪದಂತೆ, ಪ್ರವೇಶವಾದ ಮೊದಲ ವರ್ಷವೇ ವಿದ್ಯಾರ್ಥಿ ನೀರಿಗಿಳಿಯಬೇಕು. ಅದಕ್ಕೆ ಊರಿನಲ್ಲೇ ಆಸರೆ ಬೇಕು. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪಾಠ ಮಾಡಿದ ಎಂ.ಡಿ. ಸುಭಾಷ್‌ಚಂದ್ರನ್ ಅವರು ಮಾಧವ ಗಾಡ್ಗೀಳರೊಂದಿಗೆ ದೇವರಕಾಡುಗಳ ಮೇಲೆ ಮಾಡಿದ ಕೆಲಸ, ತಾಲ್ಲೂಕು ಕೇಂದ್ರದ ಕಾಲೇಜಿನಿಂದಲೂ ಮೊದಲ ದರ್ಜೆಯ ಸಂಶೋಧನೆ ಸಾಧ್ಯವೆಂದು ತೋರಿಸಿದೆ. ಕುಮಟಾ, ಹೊನ್ನಾವರದ ಕಾಲೇಜುಗಳೂ ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜೂ ಬೆಂಗಳೂರಿನ ಪ್ರಯೋಗಾಲಯಗಳ ಜತೆ ಸಹ-ಮಾರ್ಗದರ್ಶನಕ್ಕೆ ಸೇರಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಮಾದರಿ ಸಂಗ್ರಹಿಸಿದ ಊರಿನ ಸಮಿತಿಗೆ ಪ್ರಬಂಧದ ಸಾರಾಂಶ ಕನ್ನಡದಲ್ಲಿ ತಲುಪುವುದು ಪದವಿಯ ಷರತ್ತಾಗಬೇಕು. ಬಳಚು ಹೆಕ್ಕುವವರು ಅದನ್ನು ಕೇಳಿ ‘ಇದು ಹೀಗಲ್ಲ’ ಎಂದರೆ ಅದೂ ಒಂದು ಪರೀಕ್ಷಕರ ವರದಿಯೇ. ವಿಶ್ವವಿದ್ಯಾಲಯ ಅದಕ್ಕೆ ಲಿಖಿತ ಉತ್ತರ ಕೊಡಬೇಕು.