ಗೋಡೆಯ ಮೇಲಿನ ಮಣ್ಣಿನ ಗೆರೆ

ಸಹೋದರಿಯರೇ, ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪದ ಸುತ್ತ ರೆಕ್ಕೆಹುಳುಗಳು ಮುತ್ತುವುದನ್ನು ನೀವು ನೋಡಿರುತ್ತೀರಿ. ಮರುದಿನ ಕಸ ಗುಡಿಸುವಾಗ ಬರೀ ರೆಕ್ಕೆಗಳ ರಾಶಿ. ಅವು ಗೂಡು ಬಿಟ್ಟು ಹೊರಟ ಗೆದ್ದಲುಗಳು. ನಮ್ಮ ಬಂಕಾಪುರದ ಕಡೆ ಒರಲಿ ಎನ್ನುತ್ತೇವೆ. ಹೊರಗಿನಿಂದ ಹಾರಿ ಬಂದಿದ್ದರೆ ಚಿಂತೆ ಬೇಡ. ನಿಮ್ಮ ಗೋಡೆಯ ಬಿರುಕಿನಿಂದಲೇ ಹೊರಟಿದ್ದರೆ ಒರಲಿ ಆಗಲೇ ಮನೆಯೊಳಗೆ ಸೇರಿದೆ ಎಂದು ತಿಳಿಯಿರಿ.

ಮಣ್ಣಿನ ಗೋಡೆ, ಮರದ ತೊಲೆಗಳ ಹಳೆಯ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಒರಲಿಗೆ ಬೆಳಕೂ ಒಣಗಾಳಿಯೂ ಆಗದು. ಅದಕ್ಕೇ ಮಣ್ಣಿನ ಸುರಂಗ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ. ಮರದ ಮೇಲ್ಮೈ ಹಾಗೇ ಉಳಿದು ಒಳಗೆಲ್ಲ ಟೊಳ್ಳಾಗಿರುತ್ತದೆ. ಪ್ರವಾದಿ ಸುಲೈಮಾನ್(ಅ)ರ ಊರುಗೋಲನ್ನು ಭೂಮಿಯ ಹುಳು ತಿನ್ನುತ್ತಿದ್ದ ವಿಷಯ ಕುರ್‌ಆನಿನ ಸಬಾ ಅಧ್ಯಾಯದ 14ನೇ ವಚನದಲ್ಲಿದೆ. ಅವರು ಬೀಳುವವರೆಗೂ ಜಿನ್ನ್‌ಗಳಿಗೇ ಅವರ ಮರಣ ತಿಳಿಯಲಿಲ್ಲ. ಆದ್ದರಿಂದ ಬಾಗಿಲ ಚೌಕಟ್ಟನ್ನು ಆಗಾಗ ಬೆರಳಿನಿಂದ ತಟ್ಟಿ ನೋಡಿ.

ಮಣ್ಣಿನ ಗೆರೆ ಕಂಡರೆ ಪೊರಕೆಯಿಂದ ಕೆರೆದು ಸುಮ್ಮನಾಗುವುದು ನಮ್ಮ ಅಭ್ಯಾಸ. ಗೂಡು ನೆಲದೊಳಗಿರುವಾಗ ಗೆರೆ ಅಳಿಸಿದರೇನು ಬಂತು? ಒಂದು ಗೇಣು ಮಾತ್ರ ಒಡೆದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಜೀವವಿದೆ. ನಮ್ಮ ಕೋಟೆಯ ನವಿಲುಗಳು ಒರಲಿ ತಿನ್ನುತ್ತವೆ ನಿಜ, ಆದರೆ ಅವು ನಿಮ್ಮ ಅಡುಗೆಮನೆಗೆ ಬರುವುದಿಲ್ಲವಲ್ಲ!

ಒರಲಿಗೆ ತೇವ ಬೇಕು. ವುಝೂ ಮಾಡುವಲ್ಲಿ ಸೋರುವ ನಲ್ಲಿ, ಬಚ್ಚಲ ಗೋಡೆ, ಗೋಡೆಗೆ ಒರಗಿಸಿದ ಕಟ್ಟಿಗೆ, ಕುಳ್ಳಿನ ರಾಶಿ ಇವನ್ನು ಮೊದಲು ಸರಿಪಡಿಸಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ.

ಔಷಧ ಬೇಕೇ ಆದರೆ ಹೊಲಕ್ಕೆ ತಂದು ಉಳಿದದ್ದನ್ನು ಸುರಿಯಬೇಡಿ. ಗೆದ್ದಲಿಗೆಂದೇ ಮಾರುವ ಇಮಿಡಾಕ್ಲೋಪ್ರಿಡ್ 30.5 ಅನ್ನು ಲೀಟರ್ ನೀರಿಗೆ 2.1 ಮಿಲಿಯಂತೆ ಬೆರೆಸಿ, ಗೋಡೆಯ ಬುಡದಲ್ಲಿ ಅಡಿಗೊಂದು ರಂಧ್ರ ಕೊರೆದು ತುಂಬುತ್ತಾರೆ. ಇದನ್ನು ಬಲ್ಲವರಿಂದಲೇ ಮಾಡಿಸಿ. ಬಾವಿಯ ಹತ್ತಿರ ಬೇಡ, ಗರ್ಭಿಣಿಯರೂ ಮಕ್ಕಳೂ ದೂರವಿರಲಿ. ಹೊಸ ಮನೆಯಾದರೆ ಪಾಯ ಹಾಕುವಾಗಲೇ ಮಣ್ಣಿಗೆ ಔಷಧ ಹಾಕಿಸುವುದು ಅಗ್ಗ. ಟೈಲ್ಸ್ ಆರಿಸಲು ಹತ್ತು ಅಂಗಡಿ ತಿರುಗುವ ನಾವು ಇದನ್ನು ಕೇಳುವುದೇ ಇಲ್ಲ.

ಇನ್ನು ಟ್ರಂಕಿನ ವಿಷಯ. ತೊಲೆ ಹೋದರೆ ಬೇರೆ ತರಬಹುದು. ಗಂಡನಿಲ್ಲದ ಹೆಣ್ಣುಮಗಳ ಮನೆಪತ್ರ, ನಿಕಾಹ್‌ನಾಮಾ ಒರಲಿ ಪಾಲಾದರೆ ಹಕ್ಕು ಕೇಳಲು ಕೈಯಲ್ಲಿ ಏನೂ ಉಳಿಯದು. ಕಾಗದಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಎತ್ತರದಲ್ಲಿಡಿ, ಟ್ರಂಕಿನ ಕೆಳಗೆ ಕಲ್ಲು ಕೊಡಿ. ಈಗಾಗಲೇ ಹಾಳಾಗಿದ್ದರೆ ಎದೆಗುಂದಬೇಡಿ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ನಿಕಾಹ್ ಬರೆದ ಜಮಾಅತಿನ ಅಥವಾ ಕಾಝಿಯವರ ದಫ್ತರಿನಲ್ಲಿ ವಿಚಾರಿಸಿ. ಚೆನ್ನಾಗಿರುವ ಕಾಗದಗಳ ಜೆರಾಕ್ಸ್ ತೆಗೆಸಿ ಒಂದು ಪ್ರತಿ ತವರುಮನೆಯಲ್ಲಿರಲಿ.