ಹಾಲು ಬದಿಗಿಟ್ಟರೆ ಸಾಲದು

ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಡಿಸಿದರೆ ಕೆಲವು ದಿನ ಆ ದನದ ಹಾಲು ಡೈರಿಗೆ ಹಾಕುವಂತಿಲ್ಲ. ಇದು ನಮಗೆಲ್ಲ ಗೊತ್ತಿದ್ದದ್ದೇ. ಎಷ್ಟು ದಿನ ಬಿಡಬೇಕೆಂದು ಔಷಧಿಯ ಲೇಬಲ್ಲಿನಲ್ಲಿ ಇರಬೇಕೆಂಬ ನಿಯಮ 2012ರಲ್ಲೇ ಬಂದಿದೆ. ಅವಧಿ ಗೊತ್ತುಮಾಡಿರದ ಔಷಧಿಯಾದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ. ಮಾಂಸಕ್ಕೆ 28 ದಿನ.

ಸರಿ, ಬದಿಗಿಟ್ಟ ಹಾಲು ಎಲ್ಲಿಗೆ ಹೋಗುತ್ತದೆ? ಎಷ್ಟೋ ಹಟ್ಟಿಗಳಲ್ಲಿ ಕರುವಿನ ಹೊಟ್ಟೆಗೆ. ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಈ ರೂಢಿ ನಿಲ್ಲಬೇಕೆಂಬುದು ನನ್ನ ವಾದ.

ಕರುವಿನ ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಹಾಲಿನಲ್ಲಿ ಉಳಿದ ಅಷ್ಟಿಷ್ಟು ಔಷಧಿ ದಿನವೂ ಒಳಹೋದರೆ ಮೆದುವಾದವು ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಔಷಧಿ ನಾಲ್ಕು ದಿನಕ್ಕೆ ಕರಗೀತು. ಇವು ಕರಗುವುದಿಲ್ಲ, ಮರಿ ಹಾಕುತ್ತವೆ.

ಇನ್ನೂ ದೊಡ್ಡ ತೊಂದರೆಯೊಂದಿದೆ. ಜಗ್ಗದಿರುವ ಈ ಗುಣದ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎ ತುಣುಕಿನಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದರ ನಕಲನ್ನು ಪಕ್ಕದ ಇನ್ನೊಂದು ಜಾತಿಯದ್ದಕ್ಕೂ ದಾಟಿಸಬಲ್ಲದು. ಅಡಿಕೆ ಮರದ ಗುಣ ಪಕ್ಕದ ತೆಂಗಿಗೆ ದಾಟಿದ ಹಾಗೆ! ಒಂದೇ ತುಣುಕಿನಲ್ಲಿ ನಾಲ್ಕಾರು ಔಷಧಿಗಳಿಗೆ ಜಗ್ಗದ ಗುಣ ಒಟ್ಟಿಗೆ ಇರುವುದೂ ಉಂಟು.

'ಎರಡು ದನ ಕಟ್ಟುವ ನಮ್ಮಿಂದೇನು? ದೊಡ್ಡ ಕೋಳಿ ಫಾರ್ಮಿನವರಿಗೆ ಹೇಳಿ' ಅನ್ನಬಹುದು. ಅವರಿಗೂ ಹೇಳಲೇಬೇಕು. ಬೇರೆ ಔಷಧಿ ನಾಟದ ರೋಗಿಗೆ ಕೊನೆಯ ಅಸ್ತ್ರವೆಂದು ವೈದ್ಯರು ಇಟ್ಟುಕೊಂಡ ಕೊಲಿಸ್ಟಿನ್ನನ್ನು ಕೋಳಿ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದರು. ಅದಕ್ಕೆ ಜಗ್ಗದ, ಪ್ಲಾಸ್ಮಿಡ್ಡಿನಲ್ಲಿ ದಾಟುವ ಜೀನ್ ಚೀನಾದಲ್ಲಿ ಹಂದಿ, ಮಾಂಸ, ರೋಗಿಗಳಲ್ಲಿ ಸಿಕ್ಕಿದೆಯೆಂದು 2015ರಲ್ಲಿ ಗೊತ್ತಾಯಿತು. ನಮ್ಮ ಸರಕಾರ 2019ರಲ್ಲಿ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು.

ಆದರೆ ಸೆಗಣಿ ಬಾಚುವವರು ನಾವು. ಮೊದಲ ಪಾಲು ನಮಗೇ. ಅಮೆರಿಕದ ಮೆಸಾಚುಸೆಟ್ಸ್‌ನ ಒಂದು ಹೊಲಮನೆಯಲ್ಲಿ ಡಾ. ಸ್ಟುವರ್ಟ್ ಲೆವಿ ಕೋಳಿಗಳಿಗೆ ಟೆಟ್ರಾಸೈಕ್ಲಿನ್ ಬೆರೆಸಿದ ಮೇವು ಕೊಡಿಸಿ ನೋಡಿದರು. ಫಲಿತಾಂಶ 1976ರಲ್ಲಿ ಅಚ್ಚಾಯಿತು. ವಾರದಲ್ಲಿ ಕೋಳಿಗಳ ಕರುಳಿನ ಇ. ಕೋಲಿ ಬಹುಪಾಲು ಆ ಔಷಧಿಗೆ ಜಗ್ಗದಾಯಿತು. ಆರು ತಿಂಗಳೊಳಗೆ ಮನೆಮಂದಿಯ ಮಲದಲ್ಲೂ ಅಂಥವು ಹೆಚ್ಚಿದವು. ಮೇವು ತಿಂದದ್ದು ಕೋಳಿ, ಮನುಷ್ಯರಲ್ಲ! ಸಮಾಧಾನವೆಂದರೆ, ಆ ಮೇವು ನಿಲ್ಲಿಸಿ ಆರು ತಿಂಗಳಿಗೆ ಪರೀಕ್ಷಿಸಿದ 10 ಮಂದಿಯಲ್ಲಿ 8 ಮಂದಿಯಲ್ಲಿ ಅವು ಇಲ್ಲವೇ ಇಲ್ಲ ಅನ್ನುವಷ್ಟು ಇಳಿದಿದ್ದವು. ಅಂದರೆ ನಿಲ್ಲಿಸಿದ್ದಕ್ಕೆ ಫಲ ಉಂಟು.

ಹಾಗಾಗಿ ನನ್ನ ಸಲಹೆ ಇಷ್ಟು. ಔಷಧಿಯ ಹಾಲನ್ನು ಬಾವಿಯಿಂದ ದೂರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ಕುದಿಸಿ ಕುಡಿಸಿದರಾಯಿತು ಎನ್ನಬೇಡಿ; ಕುದಿಸಿದರೆ ಬ್ಯಾಕ್ಟೀರಿಯಾ ಸತ್ತೀತು, ಔಷಧಿ ಪೂರ್ತಿ ಹೋಗದು. ಕರುವಿಗೆ ಭೇದಿಯಾದ ಕೂಡಲೇ ಆ್ಯಂಟಿಬಯೋಟಿಕ್ ಬೇಡ. ವೈರಸ್, ಹೊಟ್ಟೆಹುಳವೂ ಕಾರಣವಿರಬಹುದು. ಮೊದಲು ಉಪ್ಪು-ಸಕ್ಕರೆ ನೀರು ಕೊಡಿ, ಡಾಕ್ಟರಿಗೆ ತೋರಿಸಿ. ತೋಟಕ್ಕೆ ತರಿಸುವ ಕೋಳಿಗೊಬ್ಬರವನ್ನು ಹಸಿಯಾಗಿ ಬುಡಕ್ಕೆ ಹಾಕದೆ ರಾಶಿ ಹಾಕಿ, ಮಗುಚಿ, ಚೆನ್ನಾಗಿ ಬಿಸಿಯೇರಿ ಕೊಳೆಯಲು ಬಿಡಿ. ಪೂರ್ತಿ ಅಲ್ಲದಿದ್ದರೂ ಬಹಳಷ್ಟು ಬ್ಯಾಕ್ಟೀರಿಯಾ ಸಾಯುತ್ತವೆ.

ಏಳು ದಿನದ ಹಾಲು ಚೆಲ್ಲಿದರೆ ಹೊಟ್ಟೆ ಉರಿಯುತ್ತದೆ. ಆದರೆ ನಾಳೆ ನಮ್ಮದೇ ಮನೆಯ ಮಗುವಿಗೆ ಜ್ವರ ಬಂದು ಔಷಧಿ ನಾಟದೆ ಹೋದರೆ? ಹಾಲಿನ ಸಂಘಗಳಲ್ಲಿ ಕೊಬ್ಬು, ಡಿಗ್ರಿಯ ಜತೆ ಈ ಮಾತೂ ಆಗಲಿ. ನಿಮ್ಮಲ್ಲಿ ಈ ಹಾಲನ್ನು ಏನು ಮಾಡುತ್ತೀರಿ? ಬರೆಯಿರಿ.